ಹೆಂಡತಿಯ ಪಾಲಿನ ಕೆಲಸ

ಗಾರೆ ಕೆಲಸ ಕಲಿಸುವ ಶಾಲೆಯ ಪ್ರವೇಶ ಪರೀಕ್ಷೆಗೆ ಪ್ರಶ್ನೆ ಬರೆಯುತ್ತಿದ್ದವರು ಲೆಕ್ಕದ ಮೇಷ್ಟ್ರು. ಹಳ್ಳಿಯ ಮಕ್ಕಳು ಹೆದರಬಾರದೆಂದು ಎದುರಿಗೆ ಕೂತು ಮಾತಾಡಿದ ಹಾಗೆ ಬರೆಯುವುದು ಅವರ ಪದ್ಧತಿ. ‘ನೀನು ಮೇಸ್ತ್ರಿ. ಗೋಡೆ ಎತ್ತಲು ನಿಂತಿದ್ದೀಯ. ನಿನ್ನ ಹೆಂಡತಿ ಬುಟ್ಟಿಯಲ್ಲಿ ಗಾರೆ ಹೊತ್ತು ಕೊಡುತ್ತಾಳೆ’ ಎಂದು ಶುರು ಮಾಡಿ, ಗೋಡೆಯ ಅಳತೆ, ಬುಟ್ಟಿಯ ಅಳತೆ ಎರಡನ್ನೂ ಕೊಟ್ಟು, ‘ಸಂಜೆಯೊಳಗೆ ನಿನ್ನ ಕೆಲಸ ಎಷ್ಟಾಯಿತು?’ ಎಂದು ಕೇಳಿದ್ದರು. ಅತಿ ಹೆಚ್ಚು ಅಂಕ ಇದ್ದದ್ದು ಇದಕ್ಕೇ.

ಆಯ್ಕೆಯಾದವರ ಪಟ್ಟಿ ಹಾಕಿದಾಗ ಅದರಲ್ಲಿ ಅವರ ತಂಗಿಯ ಮಗಳಿರಲಿಲ್ಲ. ಮೇಷ್ಟ್ರಿಗೆ ನಂಬಲಾಗಲಿಲ್ಲ. ರಜೆಯಲ್ಲೆಲ್ಲ ತಾಯಿಯ ಜೊತೆ ಕಟ್ಟಡದ ಕೆಲಸಕ್ಕೆ ಹೋಗಿ, ಮೇಸ್ತ್ರಿ ಮರೆಯಾದಾಗ ಗಾರೆ ಮೆತ್ತುವ ಕರಣೆ ಹಿಡಿದು ಕೈ ಪಳಗಿಸಿಕೊಂಡ ಹುಡುಗಿ ಅವಳು. ಲೆಕ್ಕ ಕಲಿಸಿದ್ದು ಅವರೇ. ಸಂಜೆ ತಂಗಿಯ ಮನೆಗೆ ಹೋದರು.

“ಅಡಿಗೆಗಿಂತ ಲೆಕ್ಕವೇ ವಾಸಿ ಇವಳಿಗೆ. ಇವಳ ಕೈಯಡಿಗೆ ತಿಂದವರನ್ನ ಕೇಳು, ಹೇಳ್ತಾರೆ,” ಎಂದು ತಂಗಿ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. “ಹಾಗಿದ್ದೂ ಸೀಟು ಹೇಗೆ ಹೋಯ್ತಣ್ಣ?”

“ದೊಡ್ಡ ಪ್ರಶ್ನೆಗೆ ಏನು ಬರೆದೆ?” ಮೇಷ್ಟ್ರು ಸೊಸೆಯನ್ನು ಕೇಳಿದರು.

“ಎಷ್ಟು ಬುಟ್ಟಿ ಹೊತ್ತೆ ಅಂತ. ಎರಡು ಸಲ ತಾಳೆ ನೋಡಿದೆ ಮಾವ.”

“ಬುಟ್ಟಿ ಯಾಕೆ? ನೀನು ಮೇಸ್ತ್ರಿ ಅಂತ ಬರೆದಿತ್ತಲ್ಲ?”

“ಬರೆದಿತ್ತು. ಆಮೇಲೆ ನಿನ್ನ ಹೆಂಡತಿ ಅಂತ ಬಂತು. ಇದು ಗಂಡಸರನ್ನ ಕೇಳಿದ್ದು, ನನ್ನ ಪಾಲಿನದು ಹೆಂಡತಿಯ ಲೆಕ್ಕ ಇರಬೇಕು ಅಂದುಕೊಂಡೆ. ಮುಂದಿನದರಲ್ಲೂ ಅಣ್ಣತಮ್ಮಂದಿರು, ಅದರ ಮುಂದಿನದರಲ್ಲಿ ಅಪ್ಪಮಗ. ನಾನು ಯಾರ ಮನೆಗೋ ಹೇಳದೆ ಕೇಳದೆ ನುಗ್ಗಿದ ಹಾಗಾಯ್ತು. ಬರೋ ಲೆಕ್ಕವೂ ಕೈಕೊಟ್ಟಿತು.”

ಪತ್ರಿಕೆ ತಿದ್ದಿದವರೂ ಮೇಷ್ಟ್ರೇ. ಉತ್ತರ ಪತ್ರಿಕೆಗಳಲ್ಲಿ ಹೆಸರಿರಲಿಲ್ಲ, ಬರೀ ನಂಬರು. ಬುಟ್ಟಿಯ ಲೆಕ್ಕ ಬರೆದ ನಾಲ್ಕೈದು ಪತ್ರಿಕೆ ಸಿಕ್ಕಿದ್ದವು. “ಇಲ್ನೋಡಿ, ಗೋಡೆ ಕಟ್ಟು ಅಂದ್ರೆ ಬುಟ್ಟಿ ಎಣಿಸ್ತಾ ಕೂತಿದ್ದಾರೆ,” ಎಂದು ಪಕ್ಕದವರಿಗೆ ತೋರಿಸಿ ನಕ್ಕು, ಒಂದೊಂದಕ್ಕೂ ದುಂಡಗೆ ಸೊನ್ನೆ ಸುತ್ತಿದ್ದರು. ಎಲ್ಲವೂ ಹುಡುಗಿಯರದೇ ಇದ್ದಿರಬೇಕು.

ಮರುದಿನವೇ ಶಾಲೆಯ ಮುಖ್ಯಸ್ಥರ ಮುಂದೆ ಹೋಗಿ ನಿಂತು, ಆ ಪತ್ರಿಕೆಗಳನ್ನು ಮತ್ತೆ ತಿದ್ದಬೇಕೆಂದು ಕೇಳಿದರು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಪ್ರಶ್ನೆ ನಿಮ್ಮದು, ಉತ್ತರ ನಿಮ್ಮದು, ಸೊನ್ನೆಯೂ ನಿಮ್ಮದೇ. ಸೇರಿದ ಹುಡುಗರನ್ನ ಈಗ ಹೇಗೆ ಏಳಿಸಲಿ, ಹೇಳಿ ಮೇಷ್ಟ್ರೆ?”

ಮೇಷ್ಟ್ರು ಅಲ್ಲಿಂದ ನೇರವಾಗಿ ತಂಗಿ, ಸೊಸೆ ಇಬ್ಬರೂ ಕೆಲಸ ಮಾಡುತ್ತಿದ್ದ ಕಟ್ಟಡದ ಹತ್ತಿರ ಹೋದರು. ಹುಡುಗಿ ಬುಟ್ಟಿ ಹೊರಲು ತಲೆಗಿಟ್ಟ ಸಿಂಬಿ ಸರಿಮಾಡಿಕೊಳ್ಳುತ್ತ ಇಳಿದು ಬಂದಳು.

“ಆ ಪ್ರಶ್ನೆ ಬರೆದವನು ನಾನೇ ಕಣಮ್ಮ.”

“ಗೊತ್ತು ಮಾವ. ನೀವು ಮನೇಲಿ ಹೇಳ್ಕೊಡುವಾಗ ಆಡೋ ಮಾತೇ ಅದು. ಆದರೆ ಮನೇಲಿ ‘ನೀನು’ ಅಂದರೆ ನಾನೇ ಆಗಿರ್ತಿದ್ದೆ.”

“ಮುಂದಿನ ವರ್ಷ ಬೇರೆ ಥರ ಬರೀತೀನಿ.”

“ಬರೀರಿ. ಚಿಕ್ಕ ಹುಡುಗೀರಿಗೆ ಅನುಕೂಲ ಆಗುತ್ತೆ,” ಅಂದಳು. “ನನಗೆ ಅಷ್ಟರಲ್ಲಿ ವಯಸ್ಸು ಮೀರಿರುತ್ತೆ.”

ಅದು ಅವರಿಗೂ ಗೊತ್ತಿತ್ತು. ಮೇಲಿನಿಂದ ಮೇಸ್ತ್ರಿ ಗಾರೆಗೆ ಕೂಗಿದ. ಅವಳು ಹೋದಳು. ಮೇಷ್ಟ್ರು ಮರಳಿನ ಗುಡ್ಡೆಯ ಪಕ್ಕದಲ್ಲಿ, ಹೋಗುವವರಿಗೂ ಬರುವವರಿಗೂ ಅಡ್ಡವಾಗಿ, ಬಹಳ ಹೊತ್ತು ನಿಂತೇ ಇದ್ದರು.