ವಡಾಲಾಕ್ಕೆ ಹೊರಟವಳು

ನೀರಿನ ಸದ್ದು, ಆಮೇಲೆ ನಗು, ಮತ್ತೆ ನೀರು — ಬಚ್ಚಲಿನ ಬಾಗಿಲು ಪೂರ್ತಿ ಮುಚ್ಚಿಲ್ಲ, ಸಂದಿಯಿಂದ ಸೋಪಿನ ಪರಿಮಳ ನಾನು ಮಲಗಿರುವ ಕೋಣೆಯವರೆಗೂ ಬರುತ್ತಿದೆ, ಶ್ರಾವ್ಯಾ ಇಷ್ಟು ಗಟ್ಟಿಯಾಗಿ ನಗುವುದನ್ನು ಯಾವಾಗ ಕಲಿತಳು, ನಾನು ಮೀಯಿಸುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸಾಕು ಅಜ್ಜೀ ಸಾಕು ಅನ್ನುತ್ತಿದ್ದವಳು ಈಗ ಇನ್ನೊಂದ ತಂಬಿಗಿ ಆಯಿ, ಇನ್ನೊಂದ ತಂಬಿಗಿ ಅನ್ನುತ್ತಾಳೆ — ತಂಬಿಗೆಯಂತೆ, ನಮ್ಮ ಮನೆಯಲ್ಲಿ ಅದು ಚೊಂಬು, ಮೂರು ವರ್ಷ ಚೊಂಬಾಗಿದ್ದದ್ದು ಕೆಲವೇ ವಾರಗಳಲ್ಲಿ ತಂಬಿಗೆಯಾಯಿತು. ಆಯಿ ಅಂದರೆ ಅವರ ವಿಜಾಪುರದ ಕಡೆ ಅಜ್ಜಿ, ಗೊತ್ತು ನನಗೆ, ಸೊಸೆ ನಿಶಾ ಮದುವೆಯಾಗಿ ಬಂದ ಹೊಸತರಲ್ಲೇ ಹೇಳಿದ್ದಳು, ಈ ಮಹಾದೇವಿ ಅವಳ ತಾಯಿ, ಮೊಮ್ಮಗಳು ತಾಯಿಯ ತಾಯಿಯನ್ನು ಆಯಿ ಅಂದರೆ ಏನು ತಪ್ಪು, ತಪ್ಪಿಲ್ಲ, ಆದರೆ ಈ ಮುಂಬಯಿಯಲ್ಲಿ ಮರಾಠಿಯವರು ಹೆತ್ತ ತಾಯಿಯನ್ನೇ ಹಾಗೆ ಕರೆಯುವುದಲ್ಲವೇ, ಮೊನ್ನೆ ಲಿಫ್ಟಿನಲ್ಲಿ ಶ್ರಾವ್ಯಾ ಆಕೆಯ ಸೊಂಟದ ಮೇಲೆ ಕೂತು ಆಯಿ ಆಯಿ ಎಂದು ಕುಣಿಯುತ್ತಿದ್ದಾಗ ಮೇಲಿನ ಮನೆಯ ಹೆಂಗಸು ನನ್ನನ್ನು ನೋಡಿ ನಕ್ಕಳು, ರಾಜೀವಿ ಅಜ್ಜಿ, ನಿಮ್ಮ ಕೆಲಸ ಹೋಯಿತಲ್ಲ ಎನ್ನುವ ಹಾಗಿನ ನಗು, ನಾನು ಕೈಯ ಪ್ಲಾಸ್ಟರನ್ನು ಸೆರಗಿನೊಳಗೆ ಎಳೆದುಕೊಂಡೆ. ಈಗಲೂ ಅದರೊಳಗೆ ತುರಿಸುತ್ತಿದೆ, ಬೆರಳು ಹೋಗುವುದಿಲ್ಲ. ನಿಶಾ ಬರುವ ಹೊತ್ತಾಯಿತು. ಬಂದ ಕೂಡಲೇ ಮಹಾದೇವಿ ಹೇಳುತ್ತಾಳೆ, ಹೇಳದೆ ಇರುತ್ತಾಳೆಯೇ, ಅವಳ ಜಾಗದಲ್ಲಿ ನಾನಿದ್ದರೆ ಬಾಗಿಲಿನಲ್ಲೇ ನಿಲ್ಲಿಸಿ ಹೇಳುತ್ತಿದ್ದೆ.

ಎಲ್ಲ ಈ ಕೈಯಿಂದ. ಸೆಖೆಗೆ ಮಗು ರಗಳೆ ಮಾಡುತ್ತಿದೆಯೆಂದು ಬಾಲ್ಕನಿಯ ಟಬ್ಬಿಗೆ ನೀರು ತುಂಬಿಸಿ ಕಾಗದದ ದೋಣಿ ಬಿಡೋಣ ಎಂದು ಹೊರಟವಳು ನಾನೇ, ತುಳುಕಿದ ನೀರಿನ ಮೇಲೆ ಕಾಲಿಟ್ಟವಳೂ ನಾನೇ, ಬಿದ್ದಾಗ ಬಲಗೈಯ ಮಣಿಕಟ್ಟಿನಲ್ಲಿ ಹಪ್ಪಳ ಮುರಿದಂಥ ಸದ್ದು, ಅಜ್ಜಿ ಹೊಸ ಆಟ ಆಡುತ್ತಿದ್ದಾಳೆ ಎಂದುಕೊಂಡು ಶ್ರಾವ್ಯಾ ಚಪ್ಪಾಳೆ ತಟ್ಟಿದಳು, ಆಫೀಸಿನಿಂದ ಓಡಿ ಬಂದ ಮಗ ಸೃಜನ್, ಎಂತ ಅಮ್ಮ ನೀನು, ಈ ಪ್ರಾಯದಲ್ಲಿ ದೋಣಿ ಬಿಡ್ಲಿಕ್ಕೆ ಹೋದದ್ದಾ ಎಂದು ಬೈಯುತ್ತಲೇ ರಿಕ್ಷಾ ಹತ್ತಿಸಿದ. ಅತ್ತೆ, ಅವ್ವನ್ನ ಕರೆಸಲಾ, ಸಿರ್ಫ್ ಥೋಡೇ ದಿನ್, ನಿಮ್ಮ ಕೈ ಸರಿ ಆಗೋ ತನಕ — ನಿಶಾ ಎಷ್ಟು ಮೆಲ್ಲಗೆ ಕೇಳಿದಳು, ಪವಾಯಿಯ ಆಫೀಸಿನಲ್ಲಿ ಅವಳಿಗೆ ರಜೆ ಸಿಗುವುದಿಲ್ಲ, ನಾನೂ ಮೆಲ್ಲಗೇ ಹೇಳಿದೆ, ಕರೆಸು ಮಾರಾಯ್ತಿ, ಅದಕ್ಕೆಂತ. ಮರುದಿನವೇ ಮಹಾದೇವಿ ಮುಂಬಯಿಯದೇ ಆಚೆ ತುದಿಯ ವಡಾಲಾದಿಂದ ಒಂದು ಕೈಚೀಲ ಹಿಡಿದುಕೊಂಡು ಬಂದಳು, ಮಗುವಿಗೆಂದು ಒಂದು ಆಟಿಕೆ ಕೂಡ ತಂದಿರಲಿಲ್ಲ, ಪಾಪ, ಈಕೆ ಹೇಗೆ ದಿನ ಕಳೆಯುತ್ತಾಳೆ, ಶ್ರಾವ್ಯಾ ಮಧ್ಯಾಹ್ನದೊಳಗೆ ಅತ್ತು ನನ್ನ ಮಂಚಕ್ಕೆ ಬರುತ್ತಾಳೆ ಎಂದು ಒಳಗೊಳಗೇ ಕಾದೆ, ಬಂದಳೇ, ಬರಲಿಲ್ಲ.

ಆಟಿಕೆ ಆಕೆಗೆ ಬೇಕಾಗಿರಲೇ ಇಲ್ಲ. ಚಪಾತಿ ಹಿಟ್ಟಿನಲ್ಲಿ ಎತ್ತು ಮಾಡುತ್ತಾಳೆ, ಎತ್ತಿಗೆ ಲವಂಗದ ಕಣ್ಣು, ಬೆಂಡೆಕಾಯಿಯ ತೊಟ್ಟು ಕತ್ತರಿಸಿ ಹಣೆಗೆ ಅಂಟಿಸಿ ನೋಡವಾ ನನ್ನ ಕುಂಕುಮ ಅನ್ನುತ್ತಾಳೆ, ಡಬ್ಬಿಗಳ ಮುಚ್ಚಳಗಳನ್ನೆಲ್ಲ ಹಾಲ್ ತುಂಬ ಹರಡಿ ಸಂತೆ ಹೂಡುತ್ತಾಳೆ, ನನ್ನ ಡಬ್ಬಿಗಳು ಅವು, ಯಾವುದಕ್ಕೆ ಯಾವ ಮುಚ್ಚಳ ಎಂದು ಈಗ ತಿಳಿಯುವುದೇ ಇಲ್ಲ. ನಾನು ಹಾಗಲ್ಲ, ನೆಲಕ್ಕೆ ಪೇಪರ್ ಹಾಸಿ ಅದರ ಮೇಲೆ ಕ್ರೇಯಾನ್ ಕೊಡುವವಳು, ಊಟ ಮಾಡಿಸುವಾಗ ಕಿಟಕಿಯಲ್ಲಿ ಪಾರಿವಾಳ ತೋರಿಸುವವಳು, ಆದರೆ ರೈಲಾಟ ಮಾತ್ರ ನನ್ನದು, ಅದನ್ನು ಕಲಿಸಿದವಳು ನಾನು, ದಿಂಬಿನ ಮೇಲೆ ಕೂರಿಸಿ ಮುಲುಂಡ್, ನಾಹೂರ್, ಭಾಂಡುಪ್, ಕಾಂಜೂರ್ ಎಂದು ಒಂದೊಂದೇ ಸ್ಟೇಷನ್ ಹೇಳುತ್ತ ಘಾಟ್ಕೋಪರ್ ಮುಟ್ಟುವುದರೊಳಗೆ ಒಂದು ಬಟ್ಟಲು ಗಂಜಿ ಹೊಟ್ಟೆಗೆ ಇಳಿಸುತ್ತಿದ್ದೆ. ಮಹಾದೇವಿ ಅದನ್ನೇ ಎತ್ತಿಕೊಂಡು ತನ್ನ ಹಾರ್ಬರ್ ಲೈನಿಗೆ ಹಾಕಿದಳು. ವಡಾಲಾ, ಶಿವಡಿ, ಕಾಟನ್ ಗ್ರೀನ್, ರೇ ರೋಡ್, ಅದರ ಮಧ್ಯೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ತಾನೇ ಬಳೆ ಮಾರುವವಳಾಗಿ ಬರುತ್ತಾಳೆ, ಬಳಿ ಬೇಕೇನ್ರಿ ಬಾಯಾರ, ಕ್ಲಿಪ್ ಬೇಕೇನ್ರಿ, ಮತ್ತೆ ತಾನೇ ಟೀಸಿಯಾಗಿ ಟಿಕೆಟ್ ಕೇಳುತ್ತಾಳೆ, ಶ್ರಾವ್ಯಾ ದಿಂಬಿನಡಿಯಲ್ಲಿ ಅಡಗಿ ಕಿರುಚುತ್ತಾಳೆ. ನನ್ನ ರೈಲಿನಲ್ಲಿ ಯಾರೂ ಹತ್ತುತ್ತಿರಲಿಲ್ಲ, ಸ್ಟೇಷನ್ ಬರುತ್ತಿತ್ತು ಹೋಗುತ್ತಿತ್ತು, ಅಷ್ಟೇ, ಅದು ನನಗೆ ಯಾಕೆ ಹೊಳೆಯಲಿಲ್ಲ.

ಮತ್ತೆ ಆಕೆಯ ತೋಳುಗಳು. ಅವನ್ನು ನೋಡಲಾಗುವುದಿಲ್ಲ ನನಗೆ. ಮಗುವನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲ ಮೇಲೆ ಕೂರಿಸುತ್ತಾಳೆ, ಇನ್ನೊಂದು ಕೈಯಲ್ಲಿ ಸಾರು ಕಲಕುತ್ತಾಳೆ, ಗಂಡ ಶಾಂತಪ್ಪನ ಜೊತೆ ಸೈಟುಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತ ತೋಳುಗಳು, ಕಟ್ಟುತ್ತಿದ್ದ ಮನೆಗಳ ಕಂಬಗಳಿಗೆ ಸೀರೆಯ ಜೋಲಿ ಕಟ್ಟಿ ನಿಶಾಳನ್ನು ಬೆಳೆಸಿದಳಂತೆ, ಆಟಿಕೆ ಅನ್ನೋದ ಎಲ್ಲಿತ್ರಿ ಅಕ್ಕಾರ, ಇಟ್ಟಂಗಿ ಚೂರ ಕೊಟ್ಟ ಕೂಡಸ್ತಿದ್ದೆ ಎಂದು ಒಮ್ಮೆ ನಗುತ್ತ ಹೇಳಿದಳು. ಕೇಳಿ ಕರುಳು ಚುರ್ ಅನ್ನಬೇಕಿತ್ತು. ನನಗೆ ಅನ್ನಿಸಿದ್ದು ಬೇರೆ — ಓಹೋ, ಹಾಗಾದರೆ ಏನೂ ಇಲ್ಲದೆ ಮಗುವನ್ನು ನಗಿಸುವುದು ಅಲ್ಲಿ ಕಲಿತದ್ದೋ, ನಾನು ಆಗ ನಮಗಿದ್ದ ಹೋಟೆಲಿನ ಗಲ್ಲಾದ ಹಿಂದೆ ಸೃಜನ್‌ನನ್ನು ಬಿಸ್ಕೆಟ್ ಕೊಟ್ಟು ಸುಮ್ಮನೆ ಕೂರಿಸುತ್ತಿದ್ದಾಗ ಈಕೆ ಇಟ್ಟಿಗೆ ಚೂರಿನಲ್ಲಿ ಇದನ್ನೆಲ್ಲ ಕಲಿಯುತ್ತಿದ್ದಳು, ಆ ಇಟ್ಟಿಗೆ ಚೂರಿನ ಮೇಲೂ ನನಗೆ ಹೊಟ್ಟೆಕಿಚ್ಚು. ಮಲಗುವಾಗ ಶ್ರಾವ್ಯಾಳಿಗೆ ಕಿವಿ ಬೇಕು, ಕಿವಿಯ ಹಾಲೆಯನ್ನು ತಿಕ್ಕುತ್ತ ತಿಕ್ಕುತ್ತ ನಿದ್ದೆ ಹೋಗುತ್ತಾಳೆ, ಮೂರು ವರ್ಷ ತಿಕ್ಕಿ ನನ್ನ ಎಡಗಿವಿ ಮೆತ್ತಗಾಗಿದೆ, ಈಗ ಅವಳ ಕೈ ಮಹಾದೇವಿಯ ಕಿವಿಗೆ ಹೋಗುತ್ತದೆ, ಜೋತು ಬಿದ್ದ ದೊಡ್ಡ ತೂತಿನ ಕಿವಿ, ಅದರಲ್ಲಿ ಬೆರಳು ತೂರಿಸಿಯೇ ಮಲಗುತ್ತಾಳೆ.

ಇವತ್ತು ಮಧ್ಯಾಹ್ನ ಮಹಾದೇವಿ ಗೋಧಿ ಬೀಸಿಸಿಕೊಂಡು ಬರಲು ಗಿರಣಿಗೆ ಹೊರಟಳು. ಅಕ್ಕಾರ, ಮ್ಯಾಲಿನ ಚಿಲಕಾ ಹಾಕ್ಕೋರಿ, ಹುಡುಗಿ ಹಿಡಿಕಿ ತಿರುವಾಕ ಕಲತೈತಿ. ಹೂಂ ಅಂದೆ. ಹಾಕಲಿಲ್ಲ. ಎಡಗೈ ಎತ್ತಿದರೆ ಸಿಗುತ್ತಿತ್ತು, ಆದರೆ ನನ್ನ ಮನೆಯ ಬಾಗಿಲನ್ನು ಹೇಗೆ ಹಾಕಬೇಕೆಂದು ಈಕೆ ನನಗೆ ಹೇಳುವುದೇ, ಆ ಕ್ಷಣ ಅಷ್ಟೇ ತಲೆಯಲ್ಲಿದ್ದದ್ದು, ಆಮೇಲೆ ಮರೆತೇ ಹೋಯಿತು, ಯಾಕೆಂದರೆ ಮನೆಯಲ್ಲಿ ನಾವಿಬ್ಬರೇ, ಎಷ್ಟು ದಿನವಾಗಿತ್ತು ನಾವಿಬ್ಬರೇ ಆಗಿ, ಬಾ ಮಗಾ ಬಾ, ಅಜ್ಜಿ ಟ್ರೇನ್ ಬಿಡ್ತಾಳೆ ಎಂದು ದಿಂಬು ಹಾಕಿದೆ, ಮುಲುಂಡ್ ಅಂದೆ, ಶ್ರಾವ್ಯಾ ಕೂರಲಿಲ್ಲ, ಈ ಟ್ರೇನ್ ನಹೀ, ಆಯಿದು ಟ್ರೇನ್ ಬೇಕು ಅಂದಳು, ನಾನೂ ಬಳೆ ಮಾರುತ್ತೇನೆ ನೋಡು ಎಂದು ಎಡಗೈಯಲ್ಲಿ ಬುಟ್ಟಿ ತಲೆಯ ಮೇಲಿಟ್ಟುಕೊಂಡೆ, ಅದು ಜಾರಿ ಬಿತ್ತು, ಅವಳು ನಗಲೂ ಇಲ್ಲ, ಆಯಿ ಎಲ್ಲಿ, ಆಯಿ ಕಬ್ ಆಯೇಗಿ, ಅದೇ ಅದೇ ಪ್ರಶ್ನೆ — ಆಗ ಬಾಯಿಂದ ಬಂದುಬಿಟ್ಟಿತು, ಆಯಿ ಹೋದಳು ಮಗಾ, ಅವಳ ಮನೆಗೆ, ವಡಾಲಾಕ್ಕೆ, ಇನ್ನು ಬರುವುದಿಲ್ಲ, ಇನ್ನು ಅಜ್ಜಿಯೇ. ಅಳುತ್ತಾಳೆ, ಅತ್ತರೆ ಎತ್ತಿಕೊಳ್ಳಬಹುದು ಎಂದು ನೋಡಿದೆ. ಅಳಲಿಲ್ಲ. ಅಬ್ಬ, ಒಪ್ಪಿಕೊಂಡಿತು ಮಗು ಎಂದು ಎಂಥ ಸಮಾಧಾನ ನನಗೆ, ಬಾಳೆಹಣ್ಣಿಗೆ ಸಕ್ಕರೆ ಹಾಕಿ ಕೊಡುತ್ತೇನೆ ಎಂದು ಅಡುಗೆಮನೆಗೆ ಹೋದೆ, ಒಂದು ಕೈಯಲ್ಲಿ ಸಿಪ್ಪೆ ಸುಲಿಯುವುದು ತಡವಾಗುತ್ತದೆ, ಬಟ್ಟಲು ಹಿಡಿದು ಬಂದರೆ ಹಾಲ್ ಖಾಲಿ, ಬಾಗಿಲು ಒಂದು ಗೇಣು ತೆರೆದಿದೆ.

ಲಿಫ್ಟಿನ ಜಾಲರಿಯೊಳಗೆ ಕತ್ತಲೆ, ಶ್ರಾವ್ಯಾ, ಶ್ರಾವ್ಯಾ, ನನ್ನ ದನಿ ನನಗೇ ಕೇಳಿಸುತ್ತಿಲ್ಲ, ಕೆಳಗೆ ಗೇಟಿನಲ್ಲಿ ಯಾವುದೋ ಗಾಡಿಯ ಹಾರ್ನು, ವಾಚ್‌ಮನ್ ಇಷ್ಟು ಹೊತ್ತಿಗೆ ಊಟಕ್ಕೆ ಕೂತಿರುತ್ತಾನೆ, ಗೇಟಿನಾಚೆ ರಸ್ತೆ, ದೇವರೇ, ರಸ್ತೆ, ಎಡಗೈಯಿಂದ ಕಟಕಟೆ ಹಿಡಿದು ಮೆಟ್ಟಿಲು ಇಳಿದೆ, ಇಳಿದೆ, ಮೊದಲ ಮಾಳಿಗೆಯ ತಿರುವಿನಲ್ಲಿ ಕೂತಿದ್ದಳು. ಎದುರಿಗೆ ಕುಕ್ಕರುಗಾಲಿನಲ್ಲಿ ಮಹಾದೇವಿ, ಪಕ್ಕದಲ್ಲಿ ಹಿಟ್ಟಿನ ಚೀಲ. ಮೈ ವಡಾಲಾ ಜಾ ರಹೀ ಥೀ, ಅಜ್ಜಿ ಬೋಲೀ ನೀನು ಹೋದೆ, ಬರೋದಿಲ್ಲ — ಮಗು ಹೇಳುತ್ತಿತ್ತು. ಮಹಾದೇವಿ ತಲೆ ಎತ್ತಿ ನನ್ನನ್ನು ನೋಡಿದಳು. ಒಂದೇ ಸಲ. ನಾನು ಆಕೆಯ ಮುಖ ನೋಡಲಿಲ್ಲ, ಮಗುವಿನ ಕಾಲು ನೋಡುತ್ತಿದ್ದೆ, ಕೆಂಪು ಚಪ್ಪಲಿ, ತಾನೇ ಹಾಕಿಕೊಂಡದ್ದು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಮುನಿಸಿಕೊಂಡ ಹಾಗೆ ಎರಡರ ಮೂತಿಯೂ ಆಚೀಚೆ ತಿರುಗಿಕೊಂಡಿದೆ, ಹಿಂದಿನ ಪಟ್ಟಿ ಹಿಮ್ಮಡಿಯ ಕೆಳಗೆ ಮಡಚಿಹೋಗಿದೆ. ನಡೀರಿ ಅಕ್ಕಾರ, ಗ್ವಾಡಿ ಹಿಡಕೊಂಡ ಹತ್ತರಿ, ಬಿದ್ದೀರಿ, ಅಷ್ಟೇ ಅಂದಳು ಮಹಾದೇವಿ, ಮಗುವನ್ನು ಒಂದು ಸೊಂಟಕ್ಕೆ, ಹಿಟ್ಟನ್ನು ಇನ್ನೊಂದಕ್ಕೆ ಏರಿಸಿಕೊಂಡು ನನ್ನ ಹಿಂದೆ ಹತ್ತಿದಳು, ನಾನು ಬಿದ್ದರೆ ಹಿಡಿಯಲೆಂದು.

ಬೆಲ್. ನಿಶಾ. ನೀರಿನ ಸದ್ದು ಎಷ್ಟೊತ್ತಿಗೆ ನಿಂತಿತೋ, ಶ್ರಾವ್ಯಾ ಟವೆಲ್ ಸುತ್ತಿಕೊಂಡೇ ಓಡಿದಳು, ನಾನೂ ಎದ್ದು ಹಾಲ್‌ಗೆ ಬಂದೆ, ಹೇಳುವುದನ್ನು ನನ್ನ ಎದುರಿಗೇ ಹೇಳಲಿ. ಆದರೆ ಹೇಳಿದ್ದು ಮಗು. ಮಮ್ಮಾ, ನಾನು ಒಬ್ಳೇ ಕೆಳಗೆ ಹೋದೆ, ಚಪ್ಪಲ್ ಭೀ ಪೆಹನಾ. ನಿಶಾಳ ಕೈಯಿಂದ ಬ್ಯಾಗು ಜಾರಿತು, ಒಬ್ಳೇ ಅಂದ್ರೆ, ಯಾರು ಬಾಗಿಲು ತೆಗೆದ್ರು. ಮಹಾದೇವಿ ಮಗುವಿನ ತಲೆ ಒರೆಸುತ್ತಿದ್ದವಳು ಒರೆಸುತ್ತಲೇ, ನನ್ನ ಹಿಂದನ ಬಂದಿತ್ತವಾ, ನಾನ ಬಾಗಲಾ ಬರೊಬ್ಬರಿ ಹಾಕಲಾರದ ಹೋಗಿದ್ದೆ, ನಂದ ತಪ್ಪೈತಿ. ಅವ್ವಾ, ದಿಮಾಗ್ ಹೈ ಕಿ ನಹೀ, ಇದು ನಿನ್ನ ಸೈಟ್ ಅಲ್ಲ, ಕೆಳಗೆ ಗಾಡಿ ಬರ್ತಾವೆ, ಕುಛ್ ಹೋ ಜಾತಾ ತೋ — ನಿಶಾ ತಾಯಿಗೆ ಹೀಗೆ ಕೂಗಿದ್ದನ್ನು ನಾನು ಕಂಡೇ ಇರಲಿಲ್ಲ, ಶ್ರಾವ್ಯಾ ಕಣ್ಣು ಅಗಲಿಸಿ ನಿಂತಳು, ಮಹಾದೇವಿ ಒರೆಸುತ್ತಲೇ ಇದ್ದಳು, ಒಣಗಿದ ಕೂದಲನ್ನೇ. ನಾನು ಹೇಳಿದೆ, ಹೇಳಿದೆ ನಿಜವಾಗಿ, ಚಿಲಕ ಹಾಕದೆ ಬಿಟ್ಟದ್ದು ನಾನು ನಿಶಾ, ಅವರು ಹೇಳಿ ಹೋಗಿದ್ದರು. ಅತ್ತೆ, ನೀವು ಅವ್ವನ್ನ ಬಚಾವ್ ಮಾಡ್ಬೇಡಿ, ನಿಮ್ಮ ಕೈ ಎತ್ತೋಕೇ ಆಗಲ್ಲ. ಎಡಗೈ ಎತ್ತುತ್ತದೆ ಎನ್ನಲಿಲ್ಲ ನಾನು. ಹೋದಳು, ಬರುವುದಿಲ್ಲ ಎಂದು ಮಗುವಿಗೆ ಹೇಳಿದ್ದನ್ನೂ ಹೇಳಲಿಲ್ಲ. ಭಾನುವಾರ ಅಪ್ಪ ಬಂದು ಕರ್ಕೊಂಡು ಹೋಗ್ಲಿ, ನಾನು ಮನೆಕೆಲಸಕ್ಕೆ ಬಾಯಿ ಇಟ್ಕೋತೀನಿ, ಕೆಲಸದವಳಾದರೆ ಚಿಲಕ ಆದ್ರೂ ಹಾಕ್ತಾಳೆ, ನಿಶಾ ಫೋನು ತೆಗೆದುಕೊಂಡು ಒಳಗೆ ಹೋದಳು. ಸಂತೋಷವಾಯಿತು ನನಗೆ. ಸುಳ್ಳೇಕೆ, ಎದೆಯಲ್ಲಿ ತಣ್ಣಗೆ ಏನೋ ಇಳಿದ ಹಾಗೆ.

ಅಡುಗೆಮನೆಗೆ ಹೋದೆ, ಮಹಾದೇವಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಯಾಕೆ ಹಾಗೆ ಹೇಳಿದಿರಿ ಮಹಾದೇವಿಯವರೇ. ಆಕೆ ತಿರುಗಲಿಲ್ಲ. ನಾ ಬೈಸಿಕೊಂಡ್ರ ವಡಾಲಾಕ್ಕ ಹೋಗ್ತೀನ್ರಿ, ನೀವು ಬೈಸಿಕೊಂಡ್ರ ಎಲ್ಲಿಗೆ ಹೋಗ್ತೀರಿ. ಜರಡಿ ಆಡಿತು, ನಿಂತಿತು. ಕೂಲಿ ಬಿಟ್ಟ ಬರಾಕ ಆಗದ ಮೂರ ವರ್ಷ ಫೋನಿನ್ಯಾಗ ನೋಡೇನ್ರಿ, ಬಾ ಅಂದ್ರ ಅಜ್ಜಿ ಅಂತಿತ್ತು, ಉಂಡಿಯೇನವಾ ಅಂದ್ರ ಅಜ್ಜಿ ಅಂತಿತ್ತು, ಫೋನ ಇಟ್ಟ ಮ್ಯಾಲೆ ನಾ ಒಬ್ಬಾಕಿನ ಕುಂತು ಅಂತಿದ್ದೆ, ಅಕಿ ಕೈ ಮುರೀಲಿ ಅಂತ — ಅಷ್ಟರಲ್ಲಿ ತಿರುಗಿದವಳ ಕಣ್ಣು ನನ್ನ ಪ್ಲಾಸ್ಟರಿನ ಮೇಲೆ ಬಿತ್ತು, ನಾಲಿಗೆ ಕಚ್ಚಿಕೊಂಡಳು, ಇಬ್ಬರೂ ಅದನ್ನೇ ನೋಡಿದೆವು, ಆಕೆಯ ಮೂಗಿನ ಮೇಲೆ ಹಿಟ್ಟು, ನನಗೆ ನಗು ಬಂದು ಗಂಟಲಲ್ಲೇ ನಿಂತಿತು, ಆಕೆಗೂ. ನಕ್ಕುಬಿಟ್ಟಿದ್ದರೆ ಆಗುತ್ತಿತ್ತು. ನಗಲಿಲ್ಲ ನಾನು. ಹೊಟ್ಟೆಕಿಚ್ಚಿನಲ್ಲೂ ಆಕೆ ನನಗಿಂತ ಮುಂದೆ, ಬಾಯಿಬಿಟ್ಟು ಹೇಳಿಯೂ ಬಿಟ್ಟಳು, ನನ್ನದನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಾಳೆ, ನನಗೇನು ಉಳಿಸಿದಳು. ಭಾನುವಾರ ಶಾಂತಪ್ಪ ಬರುತ್ತಾರೆ, ಆಕೆ ಚೀಲ ಹಿಡಿದು ಇಳಿಯುತ್ತಾಳೆ, ಮೇಲಿನ ಚಿಲಕ ನಾನೇ ಹಾಕುತ್ತೇನೆ, ಈ ಎಡಗೈಯಿಂದ, ಮಗುವಿಗೆ ಮತ್ತೆ ನಾನೇ, ದಿಂಬು ಹಾಕಿ ಮುಲುಂಡ್ ಎನ್ನುತ್ತೇನೆ, ನಾಹೂರ್ ಎನ್ನುತ್ತೇನೆ, ಶ್ರಾವ್ಯಾ ಎಲ್ಲಿ, ಬಾಗಿಲ ಹತ್ತಿರ, ಎಷ್ಟು ತಿಂಗಳು ದಿನಾ ಬೆಳಿಗ್ಗೆ ಕೆಳಗೆ ಗಾರ್ಡನ್ನಿಗೆ ಹೋಗುವಾಗ ಚಪ್ಪಲಿ ನೀನೇ ಹಾಕಿಕೋ ಮಗಾ, ಜಾಣೆಯಲ್ಲವಾ, ಅಜ್ಜಿ ಕೈ ಹಿಡಿದು ಹೋಗುವ ಎಂದು ಗೋಗರೆದೆ, ಕಾಲು ಚಾಚಿ ಕೂರುತ್ತಿದ್ದಳು, ನೀನೇ ಹಾಕು ಅಜ್ಜಿ, ನನಗಾಗಿ ಒಂದು ದಿನ, ಒಂದೇ ಒಂದು ದಿನ — ಕೆಂಪು ಚಪ್ಪಲಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ತಾನೇ