ತರ್ಕವ್ವ

ಶಲವಡಿಯ ಆಚೆಗಿನ ತನ್ನೂರ ಶಾಲೆಯ ಹೊರಗೋಡೆಯ ಮೇಲೆ ಚಿತ್ರಕಲೆಯ ಅತಿಥಿ ಶಿಕ್ಷಕಿ ಮಲ್ಲಿಕಾ ಏಳು ಹೆಂಗಸರನ್ನು ಬರೆದಳು. ನಾನೂರು ವರ್ಷದ ಹಿಂದೆ ಯುರೋಪಿನವರು ತಾಮ್ರದ ತಗಡಿನಲ್ಲಿ ಕೊರೆದು ಅಚ್ಚೊತ್ತಿದ ಚಿತ್ರಗಳನ್ನು ನೋಡಿ ಬರೆದದ್ದು. ಅವುಗಳಲ್ಲಿ ಒಂದೊಂದು ವಿದ್ಯೆಗೂ ಒಬ್ಬೊಬ್ಬ ಹೆಂಗಸು. ವ್ಯಾಕರಣದ ಕೈಯಲ್ಲಿ ಬೆತ್ತ, ರೇಖಾಗಣಿತದ ಕೈಯಲ್ಲಿ ಕೈವಾರ, ತರ್ಕದ ಕೈಯಲ್ಲಿ ಹಾವು. ಆ ತರ್ಕಕ್ಕೆ ಮಲ್ಲಿಕಾ ತನ್ನ ಅವ್ವ ರಾಮವ್ವನ ಮುಖ ಕೊಟ್ಟಳು. ಊರ ಹೊರಗಿನ ಅವರ ಕೇರಿಯಲ್ಲಿ ರಾಮವ್ವನನ್ನು ವಾದದಲ್ಲಿ ಸೋಲಿಸಿದವರೇ ಇರಲಿಲ್ಲ.

ಇಪ್ಪತ್ತು ವರ್ಷ ಊರವರ ಹತ್ತಿ ಹೊಲದಲ್ಲೇ ಕಳೆ ತೆಗೆದವಳ ಮುಖ ಅವರಲ್ಲಿ ಒಬ್ಬರಿಗಾದರೂ ಗುರುತು ಸಿಗಬೇಡವೇ? ಸಿಗಲಿಲ್ಲ. ಎಲ್ಲರ ಕಣ್ಣೂ ಹಾವಿನ ಮೇಲೆ. ಅಷ್ಟರಲ್ಲಿ ನಾಗರಪಂಚಮಿ ಬಂತು. ಶಾಲೆಯ ಎದುರುಮನೆಯ ಮಹಾದೇವಕ್ಕ ಚಿತ್ರದ ಕೆಳಗಿನ ಹೆಸರು ಓದಿ, ಅದಕ್ಕೊಂದು 'ವ್ವ' ಸೇರಿಸಿ, ತರ್ಕವ್ವನಿಗೆ ಹಾಲೆರೆದಳು. ಮರುದಿನದಿಂದ ಕುಂಕುಮ, ಕಾಯಿ, ಊದಿನಕಡ್ಡಿ. ಪ್ರಶ್ನೆ ಕೇಳುವುದನ್ನು ಕಲಿಸಲೆಂದು ನಿಲ್ಲಿಸಿದವಳ ಮುಂದೆ ಊರಿಗೆ ಊರೇ ಕಣ್ಣು ಮುಚ್ಚಿ ನಿಂತಿತು.

ಮಲ್ಲಿಕಾಳಿಗೆ ಮೊದಲು ನಗು ಬಂತು. ಹಾಲು ಹರಿದು ಮಾಸಿದ ಬಣ್ಣ ತಿದ್ದಲು ಕುಂಚ ಹಿಡಿದು ಹೋದಾಗ ಮಹಾದೇವಕ್ಕ ಅಡ್ಡ ಬಂದಳು.

"ಮುಟ್ಟಬ್ಯಾಡ್ರಿ ಟೀಚರ್. ಇನ್ನ ನೀವು ಮುಟ್ಟೂದು ಚೊಲೊ ಅಲ್ಲ."

ಮಲ್ಲಿಕಾ ಕುಂಚ ಹಿಡಿದುಕೊಂಡೇ ಶಾಲೆಯೊಳಕ್ಕೆ ಹೋದಳು. ಮುಖದ ಗುಟ್ಟು ಗೊತ್ತಿದ್ದವರು ಹೆಡ್‌ಮಾಸ್ತರ ಶಂಭುಲಿಂಗಪ್ಪ ಒಬ್ಬರೇ. "ಸುಮ್ನಿರವಾ. ಗೊತ್ತಾದ್ರ ಗ್ವಾಡಿಗೆ ಸುಣ್ಣ ಹೊಡಸ್ತಾರ," ಅಂದರು. ಅವ್ವನ ಮುಖ ಉಳಿಯಬೇಕಾದರೆ ಅದು ಅವ್ವನದೆಂದು ಬಾಯಿ ಬಿಡಬಾರದು. ಮಲ್ಲಿಕಾ ಹತ್ತು ದಿನ ಒಳಗೊಳಗೇ ಕುದ್ದಳು.

ಹನ್ನೊಂದನೆಯ ದಿನ ರಾಮವ್ವನೇ ಬಂದಳು, ಹೊಲದಿಂದ ನೇರವಾಗಿ, ಕಳೆ ತೆಗೆಯುವ ಕುರ್ಚಿಗಿ ಕೈಯಲ್ಲೇ ಇತ್ತು. ಮಹಾದೇವಕ್ಕ ಪೂಜೆಗೆ ನಿಂತಿದ್ದಳು.

"ಅಲ್ಲೇ ನಿಂತ ಕೈ ಮುಗಿ ಬೇ."

ರಾಮವ್ವ ಚಪ್ಪಲಿ ಬಿಟ್ಟು, ದೂರದಿಂದಲೇ ತನ್ನ ಮುಖಕ್ಕೆ ತಾನೇ ಕೈ ಮುಗಿದಳು. ಮಹಾದೇವಕ್ಕ ಕುಂಕುಮದಲ್ಲಿ ಬೆರಳದ್ದಿ ಗೋಡೆಯ ಕಡೆ ಕೈ ಎತ್ತಿದಳು. ಶಾಲೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಲ್ಲಿಕಾಳಿಗೆ ತಡೆಯಲಾಗಲಿಲ್ಲ.

"ಅಕ್ಕಾರ, ಅದು ನಮ್ಮವ್ವನ ಮುಖಾ ರೀ. ಆಕಿನ್ನ ನೋಡಿನ ಬರದೀನಿ."

ಮಹಾದೇವಕ್ಕ ಗೋಡೆಯನ್ನು ನೋಡಿದಳು. ರಾಮವ್ವನನ್ನು ನೋಡಿದಳು, ಬಹುಶಃ ಜೀವಮಾನದಲ್ಲಿ ಮೊದಲ ಸಲ. ಎತ್ತಿದ ಕೈ ಇಳಿಯಿತು. ಶಾಲೆಯ ನಳದ ಕೆಳಗೆ ಹೋಗಿ ಬೆರಳುಗಳನ್ನು ಉಜ್ಜಿ ಉಜ್ಜಿ ತೊಳೆದುಕೊಂಡಳು.

ಮನೆಯ ದಾರಿಯಲ್ಲಿ ರಾಮವ್ವ ಕುರ್ಚಿಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನನಗ ಮೊದಲನೇ ದಿನಾನ ಗುರ್ತ ಸಿಕ್ಕಿತ್ತು," ಎಂದಳು. "ಒಂದ ಗಳಿಗಿ ಸುಮ್ನ ಇರಬಾರದಿತ್ತೇನ ಮಗಳ? ಆಕಿ ನನ್ನ ಹಣಿ ಮುಟ್ಟೂದನ್ನ ಕಣ್ಣಾರೆ ನೋಡೂಣು ಅಂತ ಬಂದಿದ್ನಿ."