ಬೂದು ಕವರಿನ ಆಲ್ಬಮ್

ನಮ್ಮ ಬ್ಯಾಂಡು ಇದುವರೆಗೆ ಮಾಡಿರುವುದು ನಾಲ್ಕೇ ಆಲ್ಬಮ್. ಮೊದಲ ಮೂರನ್ನು ಯಾರಾದರೂ ಹಳಿದರೆ ಅವರ ಮನೆಯಲ್ಲಿ ನಾನು ನೀರು ಮುಟ್ಟುವುದಿಲ್ಲ. ನಾಲ್ಕನೆಯದನ್ನು ಹೊಗಳಿದವರ ಮನೆಯಲ್ಲೂ ಮುಟ್ಟುತ್ತಿರಲಿಲ್ಲ. ಒಂಬತ್ತು ವರ್ಷ ಹಾಗೇ ಇದ್ದೆ.

ಆಲ್ಬಮ್‌ಗಳಿಗೆ ಉದ್ದುದ್ದ ಹೆಸರುಗಳಿವೆ. ಅಭಿಮಾನಿಗಳಾದ ನಾವು ಅವನ್ನು ಕವರು ನೋಡಿ ಕರೆಯುತ್ತೇವೆ: ಕೆಂಪು, ಏಣಿ, ಒದ್ದೆ ನಾಯಿ, ಬೂದು. ಕೆಂಪಿನಲ್ಲಿ ಹಾಡುವವನ ಗಂಟಲು ಇನ್ನೂ ಎಳೆಯದು, ಎರಡು ಕಡೆ ಶ್ರುತಿ ಬಿಡುತ್ತಾನೆ. ಆದರೆ ಆ ರೋಷ ಆಮೇಲೆ ಅವನಿಗೇ ಬರಲಿಲ್ಲ. ಏಣಿಯಲ್ಲಿ ಐದು ಹಾಡು ಚಿನ್ನ, ಮೂರು ಹಾಡು ಜಾಗ ತುಂಬಿಸಲು ಹಾಕಿದ್ದು. ಒದ್ದೆ ನಾಯಿ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರು. ಅದರಲ್ಲಿ ಗಿಟಾರಿನವನು ತನ್ನ ಜಾಣತನ ತೋರಿಸಲು ಎಲ್ಲೂ ನಿಲ್ಲುವುದಿಲ್ಲ. ಹಾಡನ್ನು ಬದಿಗೆ ತಳ್ಳಿ ಐದು ನಿಮಿಷ ಒಬ್ಬನೇ ಮೆರೆಯುವ ಗಿಟಾರಿನವರನ್ನು ಕಂಡರೆ ನನಗೆ ಆಗದು. ಇನ್ನು ಬೂದು. ನಾಲ್ಕು ಜನ ಕಂಬಳಿ ಹೊದ್ದುಕೊಂಡು ಪಕ್ಕದ ಮನೆಯಲ್ಲಿ ಬಾರಿಸಿದ ಹಾಗಿದೆ ಎಂದು ಸಿಕ್ಕವರಿಗೆಲ್ಲ ಸಾರಿದ್ದೆ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಇಪ್ಪತ್ತಾರು ವರ್ಷದಿಂದ ವಿದ್ಯುತ್ ಮಗ್ಗದ ಗಿರಣಿಯಲ್ಲಿ ಕೆಲಸ. ಒಬ್ಬಳಿಗೆ ನಾಲ್ಕು ಮಗ್ಗ, ಒಂದೇ ಸೂರಿನಡಿ ನೂರಿಪ್ಪತ್ತು ಮಗ್ಗ. ಅಷ್ಟೂ ಮಗ್ಗದಲ್ಲಿ ನೂಲು ಹೊತ್ತ ಲಾಳಿಗಳು ಇಡೀ ದಿನ ಈ ಕಡೆಯಿಂದ ಆ ಕಡೆಗೆ ಬಡಿಯುತ್ತಲೇ ಇರುತ್ತವೆ. ಆ ಗಲಾಟೆ ಸಂಗೀತ ನಿನಗೆ ಹೇಗೆ ಹಿಡಿಸುತ್ತದೆ ಎಂದು ಕೇಳುವವರನ್ನು ಒಂದು ದಿನ ನಮ್ಮ ಷೆಡ್ಡಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ಹೊರಗೆ ಬಂದು ಡ್ರಮ್ ಕೇಳಿದರೆ, ಯಾರೋ ಆ ಗದ್ದಲವನ್ನೇ ಕೂರಿಸಿಕೊಂಡು ತಲೆ ಬಾಚಿ ಜಡೆ ಹಾಕಿದ ಹಾಗೆ ಅನ್ನಿಸುತ್ತದೆ.

ಷೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಸೇರಿದ ಆರು ತಿಂಗಳಲ್ಲಿ ಎಲ್ಲರಿಗೂ ಬರುತ್ತದೆ. ಮೂರು ಮಗ್ಗದಾಚೆ ಇರುವವಳ ಜೊತೆ ಅವಳ ಸೊಸೆಯ ವಿಷಯ ಆರಾಮಾಗಿ ಮಾತಾಡಬಹುದು, ಪಕ್ಕದಲ್ಲಿ ನಿಂತ ಮೇಸ್ತ್ರಿಗೆ ಒಂದಕ್ಷರ ಗೊತ್ತಾಗುವುದಿಲ್ಲ. ಮನೆಯಲ್ಲೂ ನನಗೆ ಇದೇ ಅಭ್ಯಾಸ. ನನಗೆ ಬೆನ್ನು ಮಾಡಿ ಮಾತಾಡುವವರನ್ನು ಕಂಡರೆ ಮೈ ಉರಿಯುತ್ತದೆ. ಅದು ಮರ್ಯಾದೆಯ ವಿಷಯ ಎಂದೇ ನಂಬಿದ್ದೆ. ನನ್ನ ಗಂಡ ಶಾಲೆ ಬಸ್ಸಿನ ಡ್ರೈವರು. ಪಾಪ, ಹಿಂದೆ ಗದ್ದಲ ಇಟ್ಟುಕೊಂಡು ಮುಂದೆ ನೋಡುವುದೇ ಅವರ ಕೆಲಸ. ನನ್ನ ಜೊತೆ ಮಾತಾಡುವಾಗ ಮಾತ್ರ ತಿರುಗಿ ನಿಲ್ಲುವುದನ್ನು ಕಲಿತುಬಿಟ್ಟಿದ್ದರು.

ರಾಕ್ ಹುಚ್ಚು ಹಿಡಿಸಿದವಳು ನನ್ನ ತಂಗಿ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಈಗ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟಿದ್ದಾಳೆ. ಕೆಂಪು ಆಲ್ಬಮ್ಮಿನ ಕ್ಯಾಸೆಟ್ ತಂದವಳು ಅವಳೇ. ನಮ್ಮ ಬ್ಯಾಂಡಿನ ಮೊದಲ ಕಾನ್ಸರ್ಟಿನ ಟಿಕೆಟ್ಟಿಗೆ ಇಬ್ಬರೂ ಕ್ಯಾಸೆಟ್ ಅಂಗಡಿಯ ಮುಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಸರದಿ ನಿಂತಿದ್ದೆವು. ಮುಂದಿದ್ದ ದಪ್ಪ ಜಾಕೆಟ್ಟಿನವನ ಬೆನ್ನು ನನಗೆ ಇವತ್ತಿಗೂ ನೆನಪಿದೆ. ಈಗ ಸರದಿಯೂ ಫೋನಿನಲ್ಲೇ. ‘ನಿಮ್ಮ ಮುಂದೆ ಮೂವತ್ತೆಂಟು ಸಾವಿರ ಜನ ಇದ್ದಾರೆ’ ಎಂದು ಬರುತ್ತದೆ. ಯಾರು ಅವರೆಲ್ಲ? ಒಬ್ಬರ ಬೆನ್ನಾದರೂ ಕಾಣಬೇಡವೇ? ಟಿಕೆಟ್ಟಿನ ಬೆಲೆ ಒಂದು, ಅದರ ಮೇಲೆ ಅನುಕೂಲ ಶುಲ್ಕ ಎಂದು ಇನ್ನೊಂದು. ಯಾರ ಅನುಕೂಲ ಎಂದು ಎಲ್ಲೂ ಬರೆದಿರುವುದಿಲ್ಲ.

ಬೂದು ಆಲ್ಬಮ್ ಬಂದ ವರ್ಷ ತಂಗಿಯ ಗಂಡ ತೀರಿಕೊಂಡಿದ್ದ. ಏಳು ತಿಂಗಳು ಅವಳು ಏನನ್ನೂ ಕೇಳಿರಲಿಲ್ಲ. ಆಮೇಲೆ ಒಂದು ಭಾನುವಾರ ಆ ಆಲ್ಬಮ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕೂತು ಹಾಕಿದೆವು. ಮೊದಲ ಹಾಡಿಗೇ ಅವಳ ಕಣ್ಣು ತುಂಬಿತು.

“ಅಕ್ಕಾ, ಆ ತಟ್ಟೆ ಕೇಳು. ಎಷ್ಟು ಮೆಲ್ಲಗೆ ಬಾರಿಸ್ತಿದಾನೆ,” ಅಂದಳು. ಡ್ರಮ್ಮಿನ ಪಕ್ಕ ಕಂಬಿಯ ಮೇಲೆ ನಿಲ್ಲಿಸಿರುವ ಹಿತ್ತಾಳೆ ತಟ್ಟೆಗಳ ಮಾತು ಅದು.

“ಯಾವ ತಟ್ಟೆ? ಇದರಲ್ಲಿ ತಟ್ಟೆ ಎಲ್ಲಿದೆ? ರೆಕಾರ್ಡ್ ಮಾಡಿದೋನು ನಿದ್ದೆ ಹೊಡೀತಿದ್ದ ಅನ್ಸುತ್ತೆ.”

“ಸರಿಯಾಗಿ ಕೇಳೇ.”

“ಕೇಳಿದೀನಿ. ಕಸ ಇದು. ನಿನಗೆ ಸಂಗೀತ ಎಲ್ಲಿ ಗೊತ್ತಾಗುತ್ತೆ, ಊರು ಕುಣಿದ್ರೆ ನೀನೂ ಕುಣಿತೀಯ. ಅಳೋಕೆ ಒಂದು ನೆಪ ಬೇಕಿತ್ತು, ಸಿಕ್ತು.”

ಆಡಿದ ಮೇಲೆ ನನಗೂ ಜಾಸ್ತಿಯಾಯಿತು ಅನ್ನಿಸಿತು. ಆದರೆ ನಾನು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಜಾತಿಯಲ್ಲ. ಅವಳು ಆಲ್ಬಮ್ ಎತ್ತಿಕೊಂಡು ಹೋದಳು. ಜಗಳ ಮಾಡಲಿಲ್ಲ, ಮಾತು ಬಿಡಲಿಲ್ಲ. ಆಮೇಲೂ ವಾರಕ್ಕೆರಡು ಸಲ ಬರುತ್ತಿದ್ದಳು, ಮಕ್ಕಳ ಓದು, ಮನೆ ಬಾಡಿಗೆ, ಮಂಡಿನೋವು ಎಲ್ಲ ಮಾತಾಡುತ್ತಿದ್ದೆವು. ಬ್ಯಾಂಡಿನ ಸುದ್ದಿ ಮಾತ್ರ ಒಂಬತ್ತು ವರ್ಷ ಇಬ್ಬರೂ ಎತ್ತಲಿಲ್ಲ.

ಹೋದ ಸೋಮವಾರ ಅವಳೇ ಎತ್ತಿದಳು. ಫೋನು ತೆಗೆದು ನನ್ನ ಮುಂದೆ ಇಟ್ಟಳು. ಬ್ಯಾಂಡಿನ ಕೊನೆಯ ಪ್ರವಾಸವಂತೆ, ಮುಂದಿನ ವಾರದ ಶನಿವಾರ ನಮ್ಮಲ್ಲೇ ಕಾನ್ಸರ್ಟು. ಎರಡು ಟಿಕೆಟ್ ತೆಗೆದಿದ್ದಳು.

“ನಾನು ಬರಲ್ಲ,” ಅಂದೆ. “ಬರೀ ಬೂದು ಹಾಡುಗಳನ್ನೇ ಬಾರಿಸ್ತಾರೆ ಅಂತ ಗಿರಣಿಯಲ್ಲಿ ಹೇಳ್ತಿದ್ರು. ದುಡ್ಡು ಕೊಟ್ಟು ಕಂಬಳಿ ಸಂಗೀತ ಕೇಳೋಕೆ ನನಗೇನು ಗ್ರಹಚಾರ?”

“ಕೊನೇ ಸಲ ಅಕ್ಕಾ. ಆಮೇಲೆ ಅವರಿಲ್ಲ.”

“ನನ್ನ ಪಾಲಿಗೆ ಅವರು ಒದ್ದೆ ನಾಯಿಗೇ ಮುಗಿದರು.”

ಅವಳು ಫೋನು ತೆಗೆದುಕೊಂಡಳು. “ಶುಕ್ರವಾರದವರೆಗೆ ನೋಡ್ತೀನಿ. ನೀನು ಇಲ್ಲ ಅಂದ್ರೆ ಅಂಗಡೀಲಿ ಬೈಂಡಿಂಗ್ ಮಾಡ್ತಾಳಲ್ಲ, ಅವಳನ್ನ ಕರ್ಕೊಂಡು ಹೋಗ್ತೀನಿ. ಇನ್ನೊಂದು ಸಲ ಕೇಳಲ್ಲ.”

ಅವಳು ಹೋದ ಮೇಲೆ ಗಂಡ ನನ್ನ ಎದುರಿಗೆ ಬಂದು ನಿಂತರು. “ಅದು ಟಿಕೆಟ್ ಕೇಳಿದ್ದಲ್ಲ ಕಣೇ. ಅವಳು ಒಂಬತ್ತು ವರ್ಷ ಕಾದು ಕೇಳಿದ್ದು,” ಅಂದರು. ನಿಮ್ಮ ಬಸ್ಸು ನೋಡಿಕೊಳ್ಳಿ ಅಂದೆ. ಆದರೆ ಆ ಮಾತು ಸೀರೆ ಅಂಚಿಗೆ ಹತ್ತಿದ ಮುಳ್ಳಿನ ಹಾಗೆ ಮರುದಿನವೂ ನನ್ನ ಜೊತೆ ಗಿರಣಿಗೆ ಬಂತು.

ಆ ಮಂಗಳವಾರ ಗಿರಣಿಯ ಅಂಗಳಕ್ಕೆ ಒಂದು ವ್ಯಾನು ಬಂದಿತ್ತು. ನಲವತ್ತೈದು ದಾಟಿದವರಿಗೆಲ್ಲ ಕಿವಿ ಪರೀಕ್ಷೆ. ಒಳಗೆ ಗೂಡಿನಂಥ ಪೆಟ್ಟಿಗೆ, ಗೋಡೆಗೆಲ್ಲ ಮೆತ್ತೆ. ಪರೀಕ್ಷೆ ಮಾಡುವ ಹುಡುಗಿ ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಒತ್ತಿದೆ. ಸ್ವಲ್ಪ ಹೊತ್ತಿಗೆ ಶಬ್ದ ಬರುವುದೇ ನಿಂತಿತು. ಎರಡು ನಿಮಿಷ ಕಾದೆ. ಆಮೇಲೆ ಬಾಗಿಲು ತಳ್ಳಿ ಹೊರಗೆ ಬಂದೆ.

“ನಿನ್ನ ಮೆಷಿನ್ ಕೆಟ್ಟಿದೆ ನೋಡಮ್ಮ.”

“ಇಲ್ಲಮ್ಮ, ಸರಿಯಾಗಿದೆ.”

“ಇಪ್ಪತ್ತಾರು ವರ್ಷ ಮೆಷಿನ್ ಜೊತೆ ಬಾಳಿದೀನಿ, ನನಗೆ ಹೇಳ್ತೀಯಾ? ಶಬ್ದ ನಿಂತುಹೋಯ್ತು.”

ಅವಳು ಹೆಡ್‌ಫೋನನ್ನು ತನ್ನ ಕಿವಿಗೆ ಹಾಕಿಕೊಂಡು ನೋಡಿದಳು. ಆಮೇಲೆ ಸರದಿಯಲ್ಲಿದ್ದ ಕ್ಯಾಂಟೀನಿನವಳನ್ನು ಕರೆದು ಅವಳ ಕಿವಿಗೆ ಹಾಕಿದಳು. ಕ್ಯಾಂಟೀನಿನವಳು ಟಕ್ ಟಕ್ ಎಂದು ಗುಂಡಿ ಒತ್ತಿದಳು, ನನಗೆ ನಿಂತುಹೋದ ಶಬ್ದಕ್ಕೇ ಒತ್ತಿದಳು. ನಾನು ಹೋಗಿ ಹುಡುಗಿಯ ಎದುರು ಕೂತೆ.

ಹುಡುಗಿ ಒಂದು ಕಾಗದ ತೋರಿಸಿದಳು. ಅದರಲ್ಲಿ ಒಂದು ಗೆರೆ ನೆಟ್ಟಗೆ ಹೋಗುತ್ತಿದ್ದದ್ದು ಅರ್ಧದಲ್ಲಿ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. “ದಪ್ಪ ಶಬ್ದ ಎಲ್ಲ ನಿಮಗೆ ಚೆನ್ನಾಗೇ ಕೇಳುತ್ತೆ. ಸಣ್ಣ ಶಬ್ದ ಹೋಗಿದೆ. ಇವತ್ತು ನಿನ್ನೆ ಆದದ್ದಲ್ಲ, ಹತ್ತು ಹನ್ನೆರಡು ವರ್ಷ ಆಗಿರಬೇಕು. ಮನೇಲಿ ಯಾರೂ ಹೇಳಲಿಲ್ವಾ?”

“ತುಟಿ ನೋಡ್ತೀನಲ್ಲ. ಸಣ್ಣ ಶಬ್ದ ಅಂದ್ರೆ ಯಾವುದು?”

“ಕೀಲಿಕೈ ಗೊಂಚಲು, ಹಕ್ಕಿ, ಗಡಿಯಾರ. ಹಾಡು ಕೇಳ್ತೀರಾ?”

“ರಾಕ್.”

ಅವಳು ಕಾಗದದಿಂದ ತಲೆ ಎತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಹಾಗಾದ್ರೆ ಡ್ರಮ್ಮಿನ ಪಕ್ಕದ ತಟ್ಟೆಗಳು,” ಅಂದಳು.

ಗುರುವಾರ ರಜೆ ಹಾಕಿ ಅವಳ ಕ್ಲಿನಿಕ್ಕಿಗೆ ಹೋದೆ. ಒಂದು ವಾರದ ಮಟ್ಟಿಗೆ ಪ್ರಯೋಗಕ್ಕೆಂದು ಎರಡು ಕಿವಿಗೂ ಮೆಷಿನ್ ಹಾಕಿದಳು, ಹುರಿಗಡಲೆಯಷ್ಟು ದೊಡ್ಡದು. ಮೊದಲು ಕೇಳಿದ್ದು ನನ್ನ ಸೀರೆಯದೇ ಸರಸರ. ಯಾರೋ ಹಿಂದೆ ಬಂದರೆಂದು ತಿರುಗಿ ನೋಡಿದೆ. ಹುಡುಗಿ ನಗು ಅದುಮಿಕೊಂಡು, ಯಾವುದಾದರೂ ಹಾಡು ಹೇಳಿ, ಹಾಕುತ್ತೇನೆ ಅಂದಳು. ಬೂದು ಆಲ್ಬಮ್ಮಿನ ಮೊದಲ ಹಾಡು ಹೇಳಿದೆ. ನಿಜ ಹೇಳಬೇಕೆಂದರೆ, ಅದು ಕಸವೇ ಎಂದು ಸಾಬೀತು ಮಾಡುವ ಆಸೆ ನನಗೆ ಆಗಲೂ ಇತ್ತು.

ಹಾಡಿನ ಉದ್ದಕ್ಕೂ ತಟ್ಟೆ ಇತ್ತು. ಒಂದು ಕ್ಷಣವೂ ನಿಂತಿರಲಿಲ್ಲ. ಮಲಗಿರುವವರ ಪಕ್ಕದಲ್ಲಿ ಎಚ್ಚರವಾಗಿ ಕೂತವರು ಆಗಾಗ ಮೈ ಮುಟ್ಟಿ ನೋಡುತ್ತಾರಲ್ಲ, ಅಷ್ಟು ಮೆಲ್ಲಗೆ ಅವನು ಆ ಹಿತ್ತಾಳೆಯನ್ನು ಮುಟ್ಟುತ್ತಿದ್ದ. ಗಂಡ ಸತ್ತು ಏಳು ತಿಂಗಳಾದ ಹೆಂಗಸು ಅದನ್ನು ಕೇಳಿ ಅಳದೆ ಇನ್ನೇನು ಮಾಡಿಯಾಳು?

ಮೆಷಿನ್ ತೆಗೆದು ಅದೇ ಹಾಡು ಹಾಕಿಸಿದೆ. ಕಂಬಳಿ. ಒದ್ದೆ ನಾಯಿ ಹಾಕಿಸಿದೆ. ಅದರಲ್ಲಿ ತಟ್ಟೆ ಚೆನ್ನಾಗಿಯೇ ಕೇಳಿದ ಹಾಗಾಯಿತು. ಇದು ಹೇಗೆ ಎಂದು ಕೇಳಿದೆ. “ಅದು ನಿಮಗೆ ಬಾಯಿಪಾಠ ಅಲ್ವಾ? ನೆನಪೇ ತುಂಬಿಸಿಕೊಡುತ್ತೆ,” ಅಂದಳು. ಅಂದರೆ ಇಷ್ಟು ವರ್ಷ ಹಳೆಯ ಮೂರು ಆಲ್ಬಮ್ ನಾನು ಕೇಳಿದ್ದು ನೆನಪಿನಿಂದ. ಕಿವಿಯಿಂದ ಕೇಳಿದ್ದು ಬೂದು ಒಂದೇ. ಬೈದದ್ದೂ ಅದಕ್ಕೇ.

“ಕಾನ್ಸರ್ಟಿಗೆ ಹೋಗಬಹುದಾ?”

“ಹೋಗಿ. ಆದ್ರೆ ಅಲ್ಲಿ ಈ ಮೆಷಿನ್ ತೆಗೆದಿಡಿ. ಕಿವಿಗೆ ಬಿರಡೆ ಹಾಕ್ಕೊಂಡು ಹಿಂದೆ ನಿಲ್ಲಿ. ಸ್ಪೀಕರ್ ಹತ್ರ ಹೋದ್ರೆ ಉಳಿದಿರೋದೂ ಹೋಗುತ್ತೆ.” ಹಾಗೆಯೇ ಮಗ್ಗದ ಮುಂದೆಯೂ ನಾಳೆಯಿಂದ ಬಿರಡೆ ಇಲ್ಲದೆ ನಿಲ್ಲಬಾರದು ಎಂದು ಎರಡು ಜೊತೆ ನನ್ನ ಕೈಗಿಟ್ಟಳು.

ಶುಕ್ರವಾರ ಪಾಳಿ ಮುಗಿಸಿ ನೇರ ತಂಗಿಯ ಅಂಗಡಿಗೆ ಹೋದೆ. ದಾರಿಯಲ್ಲಿ ಎಂಟು ಸಲ ಮಾತು ಕಟ್ಟಿ ಎಂಟು ಸಲ ಬಿಚ್ಚಿದೆ. ತಪ್ಪಾಯಿತು ಎಂದು ಹೇಳಿ ನನಗೆ ರೂಢಿಯಿಲ್ಲ. ಅಂಗಡಿಯಲ್ಲಿ ಬೈಂಡಿಂಗಿನವಳು ಒಂದು ದಪ್ಪ ಪುಸ್ತಕಕ್ಕೆ ಅಂಟು ಬಳಿಯುತ್ತಿದ್ದಳು. ಟಿಕೆಟ್ ಆಗಲೇ ಅವಳ ಪಾಲಾಗಿದ್ದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?

“ಏನಕ್ಕ, ಈ ಕಡೆ?” ತಂಗಿ ನನಗೆ ಬೆನ್ನು ಮಾಡಿ ಜೆರಾಕ್ಸ್ ಮೆಷಿನ್ನಿಗೆ ಕಾಗದ ತುಂಬುತ್ತಿದ್ದಳು. ಬೆನ್ನು ಮಾಡಿದ್ದರೂ ಅಷ್ಟೂ ಮಾತು ನನಗೆ ಕೇಳಿತು.

“ಬೂದು ಆಲ್ಬಮ್ ಕೇಳಿದೆ.”

“ಕಂಬಳಿ ತೆಗೆದು ಕೇಳಿದ್ಯಾ?”

ಕೂದಲು ಹಿಂದಕ್ಕೆ ಸರಿಸಿ ಕಿವಿ ತೋರಿಸಿದೆ. ಅವಳು ತಿರುಗಿದಳು, ಹತ್ತಿರ ಬಂದು ನೋಡಿದಳು. ಕೈಯಲ್ಲಿದ್ದ ಕಾಗದದ ಕಟ್ಟು ಕೆಳಗಿಟ್ಟಳು.

“ಯಾವಾಗಿಂದ?”

“ಹತ್ತು ವರ್ಷದ ಮೇಲಾಗಿದೆಯಂತೆ. ನನಗೇ ಗೊತ್ತಿರಲಿಲ್ಲ. ನೋಡು, ಆಲ್ಬಮ್ ಬಗ್ಗೆ ಅವತ್ತು ಆಡಿದ್ದು ಕಿವಿಯ ತಪ್ಪು. ನಿನ್ನ ಬಗ್ಗೆ ಆಡಿದ್ದು ನಾಲಿಗೆಯ ತಪ್ಪು. ಅದಕ್ಕೆ ಮೆಷಿನ್ ಸಿಗಲ್ಲ.”

ಬೈಂಡಿಂಗಿನವಳು ಅಂಟಿನ ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು ಕೂತಿದ್ದಳು.

“ನಾಲಿಗೆಗೆ ಒಂದು ಬಿರಡೆ ಕೇಳ್ಬೇಕಿತ್ತು,” ಅಂದಳು ತಂಗಿ.

“ಟಿಕೆಟ್ ಇವಳಿಗೆ ಕೊಟ್ಟುಬಿಟ್ಯಾ?”

“ನನಗ್ಯಾಕೆ ಕೊಡ್ತಾರೆ?” ಬೈಂಡಿಂಗಿನವಳು ಹೇಳಿದಳು. “ಆ ಗಲಾಟೆಗೆ ಪುಕ್ಕಟೆ ಕರೆದ್ರೂ ನಾನು ಬರಲ್ಲ ಅಂತ ಇವರಿಗೆ ಗೊತ್ತು.”

“ಟಿಕೆಟ್ ಮೇಲೆ ಹೆಸರು ಇರುತ್ತೆ ಅಕ್ಕ, ಬಾಗಿಲಲ್ಲಿ ಗುರುತಿನ ಚೀಟಿ ನೋಡ್ತಾರೆ,” ಅಂದಳು ತಂಗಿ. “ಹೆಸರು ಬದಲಾಯಿಸೋಕೆ ಹೋದ ತಿಂಗಳೇ ಕೊನೆ. ನಿನ್ನ ಹೆಸರಲ್ಲೇ ತೆಗೆದಿದ್ದೆ. ನೀನು ಬರದಿದ್ರೆ ಆ ಜಾಗ ಖಾಲಿ ಇರ್ತಿತ್ತು, ಅಷ್ಟೇ.”

“ಮತ್ತೆ ಶುಕ್ರವಾರ ಅಂತ ಹೆದರಿಸಿದ್ದು?”

“ಹೆದರಿಸದೆ ನೀನು ಯಾವ ಕೆಲಸ ಮಾಡಿದೀಯ?”

ಹಿಂದೆ ನಿಲ್ಲಬೇಕು, ಕಿವಿಗೆ ಬಿರಡೆ ಹಾಕಬೇಕು, ಬಿರಡೆ ಹಾಕಿದರೆ ತಟ್ಟೆ ಮತ್ತೆ ಸಿಗಲಿಕ್ಕಿಲ್ಲ ಎಂದೆಲ್ಲ ಹೇಳಿದೆ. ಹಿಂದೆ ನಿಂತರೆ ತನಗೆ ಮುಂದಿನವರ ತಲೆಯೇ ಕಾಣುವುದು ಎಂದು ಗೊಣಗಿದಳು. ಆಮೇಲೆ ಯೋಚಿಸಿ, “ತಟ್ಟೆ ಬಂದ ಕಡೆಯೆಲ್ಲ ನಿನ್ನ ತೋಳು ಚಿವುಟ್ತೀನಿ. ಲೆಕ್ಕ ಸಿಗುತ್ತೆ,” ಅಂದಳು.

“ಆ ಬೂದು ಹಾಡುಗಳಿಗಾ? ತೋಳು ಉಳಿಯುತ್ತಾ?”

“ಒಂಬತ್ತು ವರ್ಷದ ಬಾಕಿ ಇದೆ.”

ಈಗಲೇ ನೋಡಿಬಿಡೋಣ ಎಂದು ಅಂಗಡಿಯ ಸಣ್ಣ ಸ್ಪೀಕರಿನಲ್ಲಿ ಬೂದು ಆಲ್ಬಮ್ ಹಾಕಿದಳು. ಇಬ್ಬರೂ ಕಾಗದದ ಡಬ್ಬಗಳ ಮೇಲೆ ಕೂತೆವು. ಅವಳು ಚಿವುಟುತ್ತಾ ಹೋದಳು, ಮೆಷಿನ್ ಹಾಕಿಕೊಂಡ ನಾನು ಸರಿಯಾಗಿ ಚಿವುಟುತ್ತಿದ್ದಾಳೋ ಇಲ್ಲವೋ ಎಂದು ತಾಳೆ ನೋಡುತ್ತಾ ಹೋದೆ. ಎರಡು ಕಡೆ ತಪ್ಪಿದಳು, ಹೇಳಿದೆ. ಮೂರು ಹಾಡು ಹಾಗೇ ಹೋಯಿತು. ನಾಲ್ಕನೆಯದರಲ್ಲಿ ಗಿಟಾರಿನವನು ಎಲ್ಲರನ್ನೂ ಸುಮ್ಮನಾಗಿಸಿ ಒಬ್ಬನೇ ಶುರುವಿಟ್ಟುಕೊಂಡ.

ಅವಳಿಗೆ ನೋವಾದೀತೆಂದು ಒಂದು ನಿಮಿಷ ತಡೆದೆ. ಆಮೇಲೆ ಆಗಲಿಲ್ಲ. “ಇದು ಮಾತ್ರ ಕಸ ಕಣೇ,” ಅಂದೆ. “ಕಿವಿ ಇದ್ದೇ ಹೇಳ್ತಿದೀನಿ.”

“ಕಸಾನೇ,” ಅಂದಳು ತಂಗಿ, ಫೋನಿಗೆ ಕೈ ಚಾಚುತ್ತಾ. “ನಾನು ಯಾವತ್ತೂ ಇದನ್ನ ಹಾರಿಸಿಬಿಡ್ತೀನಿ. ಐದನೇದು ಕೇಳು.”

ನಾನು ತೋಳು ಮುಂದೆ ಚಾಚಿದೆ.